ಕುರ್ಚಿಮನೆಯ ಕಾನೂನು

ಕಾಲು ಮುರಿದುಕೊಂಡವರಿಗೆ ಕೆಲಸ ಕಡಿಮೆ, ನೋಡುವುದು ಜಾಸ್ತಿ. ಮಂಚದಿಂದ ಏನು ಕಾಣುತ್ತದೋ ಅದನ್ನೇ ಬೆಳಗಿನಿಂದ ಸಂಜೆತನಕ ನೋಡುತ್ತಿರಬೇಕು. ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಳಿಯುವಾಗ ಇನ್ನೊಂದು ಮೆಟ್ಟಿಲು ಇದೆ ಅಂದುಕೊಂಡು, ಇಲ್ಲದ ಆ ಮೆಟ್ಟಿಲನ್ನು ನಂಬಿ ಕಾಲಿಟ್ಟವಳು ನಾನು. ಆಸ್ಪತ್ರೆಯಲ್ಲಿ ಪಾದದಿಂದ ಮೊಣಕಾಲಿನವರೆಗೆ ಪ್ಲಾಸ್ಟರು ಮೆತ್ತಿ, "ಮೇಡಮ್ಮೋರೆ, ಅಲುಗಾಡಂಗಿಲ್ಲ" ಎಂದು ಪಾಂಡವಪುರದ ಮನೆಗೆ ಕಳಿಸಿಕೊಟ್ಟರು. ಅವತ್ತಿನಿಂದ ನನಗೂ ನಮ್ಮ ನಡುಮನೆಯ ನೆಲಕ್ಕೂ ಗೆಳೆತನ ಬೆಳೆಯಿತು.

ನೆಲಕ್ಕೆ ಹಾಕಿರುವುದು ಬೂದುಬಣ್ಣದ ಚೌಕ ಟೈಲ್ಸು. ಮೊದಮೊದಲು ಸುಮ್ಮನೆ ನೋಡುತ್ತಿದ್ದೆ. ಆಮೇಲೆ ಕಣ್ಣು ತನ್ನಷ್ಟಕ್ಕೆ ತಾನೇ ಉದ್ದಕ್ಕೆ ಐದು, ಅಡ್ಡಕ್ಕೆ ಐದು ಮನೆ ಕಟ್ಟಿಕೊಂಡು, ನಡುವಿನ ಚೌಕದಲ್ಲಿ ನಿಲ್ಲತೊಡಗಿತು. ಆ ನಡುವಿನ ಚೌಕವನ್ನು ಬೇರೆಯವರು ಹಣ್ಣಿನಮನೆ ಅನ್ನುತ್ತಾರೆ. ನಮ್ಮ ಮನೆತನದಲ್ಲಿ ಮಾತ್ರ ಅದರ ಹೆಸರು ಕುರ್ಚಿಮನೆ.

ಚೌಕಾಬಾರ ನಿಮಗೆ ಗೊತ್ತೇ ಇರುತ್ತದೆ. ಕವಡೆ ಹಾಕುವುದು, ಕಾಯಿ ನಡೆಸುವುದು, ಎದುರಾಳಿಯ ಒಂಟಿ ಕಾಯಿ ಸಿಕ್ಕರೆ ಕಡಿಯುವುದು, ಎರಡು ಕಾಯಿ ಜೋಡಿಸಿ ಗಟ್ಟಿ ಮಾಡಿಕೊಳ್ಳುವುದು, ಸುತ್ತು ಮುಗಿಸಿ ನಡುಮನೆ ಸೇರಿ ಹಣ್ಣಾಗುವುದು. ಅಷ್ಟೇ. ಆದರೆ ನಮ್ಮ ಚಿಕ್ಕಯ್ಯ, ಅಂದರೆ ಅಪ್ಪನ ತಮ್ಮ, ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ನಾಗಮಂಗಲ ತಾಲ್ಲೂಕಿನ ದೇವಲಾಪುರದ ಮಗ್ಗುಲಿನ ನಮ್ಮ ಹಳ್ಳಿಯಲ್ಲಿ ಅವನೂ ಒಂದು ಕಾಲಕ್ಕೆ ಪಂಚಾಯ್ತಿ ಮೆಂಬರು. ಒಂದು ಸಲ ಸೋತ. ಸೋತ ಮೇಲೆ ರಾಜಕೀಯ ಮಾಡಲು ಜನ ಸಿಗಲಿಲ್ಲ, ನಾವು ಸಿಕ್ಕಿದೆವು. ಜಗಲಿಯ ಮೇಲೆ ಇದ್ದಿಲಿನಲ್ಲಿ ಮನೆ ಗೀಚಿ, "ಬನ್ರವ್ವಾ, ಇವತ್ತಿಂದ ಹಣ್ಣಾಗಾದು ಗಿಣ್ಣಾಗಾದು ಇಲ್ಲ. ನಡುಮನೇಲಿ ಕೂತೋನು ಅಧ್ಯಕ್ಷ" ಎಂದ.

ಕುರ್ಚಿಮನೆಯಲ್ಲಿ ಕಾಯಿ ಕೂತರೆ ಸುಖವೋ ಸುಖ. ಪ್ರತಿ ಸುತ್ತಿಗೆ ಒಬ್ಬರ ಆಟವನ್ನು ತಡೆಹಿಡಿಯುವ ಹಕ್ಕು ಅಧ್ಯಕ್ಷರದು. ಅದಕ್ಕೆ 'ಗ್ರಾಂಟು ಕಟ್ಟು' ಎಂದು ಹೆಸರು. ಉಳಿದ ಮೂವರೂ ಒಟ್ಟಿಗೆ ಕೈ ಎತ್ತಿದರೆ ಅವಿಶ್ವಾಸ ಪಾಸಾಗಿ ಅಧ್ಯಕ್ಷರು ಕೆಳಗಿಳಿದು ಮೊದಲಿನಿಂದ ಸುತ್ತಬೇಕು. ಒಬ್ಬರು ಎತ್ತದಿದ್ದರೂ ಕುರ್ಚಿ ಭದ್ರ. ಹಾಗಾಗಿ ಕವಡೆ ಹಾಕುವುದಕ್ಕಿಂತ ಹೆಚ್ಚು ಹೊತ್ತು ನಾವು ಅಟ್ಟದ ಕೆಳಗೆ, ರಾಗಿ ತುಂಬುವ ವಾಡೆಯ ಹಿಂದೆ, ಗುಸುಗುಸು ಮಾಡುತ್ತ ಕಳೆಯುತ್ತಿದ್ದೆವು. ನಿನ್ನ ಒಂಟಿ ಕಾಯಿ ಮುಟ್ಟಲ್ಲ, ನನ್ನ ಮೇಲೆ ಕೈ ಎತ್ತಬೇಡ. ಇದು ಒಳಮಾತು. ವಾಡೆಯ ತಣ್ಣನೆಯ ಮಣ್ಣಿಗೆ ಕೆನ್ನೆ ಒತ್ತಿ ಒಳಮಾತಾಡುವಾಗಿನ ಆ ರಾಗಿ ಘಮ ಈಗಲೂ ನನ್ನ ಮೂಗಿನಲ್ಲಿದೆ. ಅಡಿಗೆಮನೆಯಿಂದ ಅವ್ವ ಕೂಗುತ್ತಿದ್ದಳು: "ಬಟ್ಟಲು ತೊಳೀರಿ ಅಂದ್ರೆ ಒಬ್ರೂ ಇಲ್ಲ, ಮನೆವೊಳ್ಗೇ ಪಾರ್ಟಿ ಕಟ್ಕಂಡವ್ರೆ!"

ಆಡುತ್ತಿದ್ದವರು ನಾವು ನಾಲ್ವರು. ದೊಡ್ಡವಳು ಜಯಕ್ಕ. ಅವಳ ಹಿಂದೆ ನಿಂಗಣ್ಣ. ಆಮೇಲೆ ನಾನು, ಶಾರದೆ. ನಾಲ್ಕನೆಯವಳು ಚಿಕ್ಕಯ್ಯನ ಮಗಳು ರತ್ನ. ಕುರ್ಚಿ ಹಿಡಿಯುತ್ತಿದ್ದುದು ಯಾವಾಗಲೂ ಜಯಕ್ಕನೇ. ನಾನೂ ರತ್ನನೂ ಎಷ್ಟು ಸಲ ಕೈ ಎತ್ತಿದರೂ ಅವಳು ಇಳಿಯುತ್ತಿರಲಿಲ್ಲ, ಏಕೆಂದರೆ ನಿಂಗಣ್ಣ ಎತ್ತುತ್ತಿರಲಿಲ್ಲ. ಅವಳು ಅವನಿಗೆ ಹುರಿಗಡಲೆ ಕೊಡುತ್ತಿದ್ದಳು ಅಂತ ನಾನು ಬಹಳ ದಿನ ನಂಬಿದ್ದೆ. ಹುರಿಗಡಲೆ ಖಾಲಿಯಾದ ದಿನವೂ ಅವನು ಕೈ ಎತ್ತಲಿಲ್ಲ.

ನಮ್ಮ ನಮ್ಮ ಮದುವೆಯಾಗಿ ಈ ಆಟ ನಾಲ್ಕು ತಾಲ್ಲೂಕಿಗೆ ಹರಡಿತು, ಹರಡಿದ ಕಡೆಯೆಲ್ಲ ಕೆಟ್ಟಿತು. ಕೆ.ಆರ್. ಪೇಟೆಯ ರತ್ನನ ಮನೆಯಲ್ಲಿ ಅಧ್ಯಕ್ಷರಾದವರು ಎದ್ದು ಹೋಗಿ ಎಲ್ಲರಿಗೂ ಟೀ ಮಾಡಿ ತರಬೇಕು. ಹಾಗಾಗಿ ಅಲ್ಲಿ ಯಾರೂ ಕುರ್ಚಿ ಹತ್ತುವುದಿಲ್ಲ, ಇನ್ನೊಬ್ಬರನ್ನು ಹತ್ತಿಸಲು ನೋಡುತ್ತಾರೆ. ಶ್ರೀರಂಗಪಟ್ಟಣದಲ್ಲಿರುವ ನನ್ನ ನಾದಿನಿಯ ಮನೆಯಲ್ಲಿ ಒಮ್ಮೆ ಇಳಿದವರು ಆ ಆಟದಲ್ಲಿ ಮತ್ತೆ ಹತ್ತುವಂತಿಲ್ಲ. ಕೋಟೆಯೊಳಗಿನವರು, ಬಾಗಿಲು ಹಾಕಿಕೊಂಡೇ ಅಭ್ಯಾಸ. ನಮ್ಮ ಸ್ಕೂಲಿಗೆ ಮೇಲುಕೋಟೆಯಿಂದ ಬರುವ ಸಂಸ್ಕೃತದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಇದನ್ನು ಕಲಿತುಕೊಂಡು, ಕುರ್ಚಿಮನೆಯ ಬಾಗಿಲಲ್ಲಿ ಒಂದು ಸುತ್ತು ಮುಹೂರ್ತಕ್ಕೆ ಕಾಯಬೇಕು ಎಂದು ಸೇರಿಸಿದರು. ಕಾಯುವಷ್ಟರಲ್ಲಿ ಯಾರಾದರೂ ಕಡಿದುಹಾಕುತ್ತಿದ್ದರು. ಇನ್ನು ನಮ್ಮ ಮನೆ. ನಮ್ಮ ಯಜಮಾನರು ಶ್ರೀರಂಗಪಟ್ಟಣದಲ್ಲಿ ಪಂಪುಸೆಟ್ಟಿನ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟಿದ್ದಾರೆ. ಅವರಿಗೆ ಎಲ್ಲ ತಂತಿಯೂ ಕಣ್ಣಿಗೆ ಕಾಣಬೇಕು. ಒಳಮಾತು ಗಟ್ಟಿಯಾಗಿಯೇ ಆಡಬೇಕೆಂದು ಕಾನೂನು ಮಾಡಿದರು. ಗುಟ್ಟಿಲ್ಲದ ರಾಜಕೀಯ ಎಷ್ಟು ಸಪ್ಪೆ ಎಂಬುದನ್ನು ನಾನು ಸಂಸಾರದಲ್ಲಿ ಕಂಡುಕೊಂಡೆ.

ಜಗಳ ಬಿದ್ದಾಗಲೆಲ್ಲ ನನ್ನನ್ನೇ ಕೇಳುವುದು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವಳು, ಸಂವಿಧಾನ ಓದಿದವಳು, ಆದ್ದರಿಂದ ಚೌಕಾಬಾರಕ್ಕೂ ನಾನೇ ಜಡ್ಜು. ಮೊದಮೊದಲು ಹೆಮ್ಮೆಯಿತ್ತು. ಆಮೇಲೆ ಸಾಕಾಯಿತು. ಒಬ್ಬರಿಗೆ ನ್ಯಾಯ ಹೇಳಿದ ದಿನ ಇನ್ನೊಬ್ಬರ ಮನೆಯಲ್ಲಿ ಊಟಕ್ಕೆ ಉಪ್ಪು ಕಡಿಮೆಯಾಗುತ್ತಿತ್ತು.

ನಿಜವಾದ ಸುಸ್ತು ಬಂದದ್ದು ಆಟದಿಂದಲ್ಲ. ಜಯಕ್ಕನನ್ನು ಊರಿನಲ್ಲೇ, ಸೋದರಮಾವನ ಮಗನಿಗೆ ಕೊಟ್ಟಿತ್ತು. ನಿಂಗಣ್ಣನೂ ಅಲ್ಲೇ, ಮೇಲಿನ ಬೀದಿಯಲ್ಲಿ. ಮಹಿಳಾ ಮೀಸಲಾತಿ ಬಂದಾಗ ಅಕ್ಕ ನಿಂತು ಗೆದ್ದಳು, ನಿಂಗಣ್ಣ ತನ್ನ ಬೀದಿಯಿಂದ ಗೆದ್ದ, ಅಕ್ಕ ನಿಜವಾಗಿಯೂ ಗ್ರಾಮ ಪಂಚಾಯ್ತಿ ಅಧ್ಯಕ್ಷೆಯಾದಳು. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ರತ್ನ ಕೆ.ಆರ್. ಪೇಟೆಯಿಂದ ಫೋನು ಮಾಡಿ, "ಅಕ್ಕಾ, ಇನ್ಮೇಲೆ ನಾನು ಊರಿಗೆ ಬಂದ್ರೆ ನೀನೇ ಟೀ ಕಾಯಿಸ್ಬೇಕು" ಎಂದಳು.

ಹೊಸ ನೀರಿನ ಟ್ಯಾಂಕು ಬಂತು. ಪೈಪು ಮೊದಲು ಎಲ್ಲಿಗೆ ಎಳೆಯಬೇಕು ಎಂಬ ಪ್ರಶ್ನೆ ಬಂತು. ಮೇಲಿನ ಬೀದಿಯವರು, ನಮ್ಮ ಬೀದಿಯ ಮಗಳೇ ಅಧ್ಯಕ್ಷೆ ಅಂದ ಮೇಲೆ ನಮಗೇ ಮೊದಲು ಎಂದು ಕೂತಿದ್ದರು. ಅಕ್ಕ ಪೈಪನ್ನು ಊರಾಚೆಯ ಕೊಪ್ಪಲಿಗೆ ಎಳೆಸಿದಳು. ಅಲ್ಲಿನ ಹೆಂಗಸರು ಬಿಂದಿಗೆ ಹೊತ್ತು ಹೊಲ ದಾಟಿ ಬರುತ್ತಿದ್ದುದನ್ನು ಅವಳು ಕಂಡಿದ್ದಳು. ಮೇಲಿನ ಬೀದಿ ಉರಿದುಬಿತ್ತು. ಅವಿಶ್ವಾಸ ತಂದರು. ಒಂದು ಕೈ ಕಡಿಮೆಯಿದ್ದಿದ್ದರೆ ಅಕ್ಕ ಉಳಿಯುತ್ತಿದ್ದಳು. ಆ ಒಂದು ಕೈ ನಿಂಗಣ್ಣನದು.

ಅವತ್ತಿನಿಂದ ಅಕ್ಕ ತಮ್ಮ ಮಾತು ಬಿಟ್ಟರು. ಬಿಟ್ಟರು ಅಂದರೆ, ನೇರವಾಗಿ ಆಡುವುದನ್ನು ಬಿಟ್ಟರು. ಆಡುವುದನ್ನೆಲ್ಲ ನನ್ನ ಮುಖಾಂತರ ಆಡಿದರು. "ಶಾರ್ದಿ, ಅವನಿಗೆ ಯೋಳು, ಬದುವಿನ ಮೇಲಿರೋ ಹುಣಸೆಮರ ಇಬ್ಬರ್ದೂವೆ. ಹಣ್ಣು ಬಡ್ಸೋ ಮುಂಚೆ ಕೇಳ್ಬೇಕು ಅಂತ." "ಶಾರ್ದಿ, ಅವ್ಳಿಗೆ ಯೋಳವ್ವ, ನಾನು ಬಡ್ಸಿಲ್ಲ, ಗಾಳಿಗೆ ಉದುರ್ತು ಅಂತ." ಕೂಗಿದರೆ ಕೇಳುವಷ್ಟು ಹತ್ತಿರದ ಎರಡು ಬೀದಿಗಳ ನಡುವೆ ಮಾತೆಂಬುದು ಪಾಂಡವಪುರಕ್ಕೆ ಬಂದು, ಇಲ್ಲಿ ಸ್ವಲ್ಪ ಸುಧಾರಿಸಿಕೊಂಡು, ವಾಪಸು ನಾಗಮಂಗಲದ ಕಡೆಗೆ ಹೋಗುತ್ತಿತ್ತು. ಖಾರದ ಮಾತಿಗೆ ನಾನು ನೀರು ಬೆರೆಸುತ್ತಿದ್ದೆ. ಬೆರೆಸಿ ಬೆರೆಸಿ, ಯಾರು ಏನಂದಿದ್ದರು, ನಾನೇನು ಹೇಳಿದೆ ಎಂಬುದೇ ಕಲಸಿಹೋಗಿತ್ತು. ನಿಂಗಣ್ಣನಿಗೆ ಮೊಮ್ಮಗ ಹುಟ್ಟಿದ. ಅಕ್ಕ ಮಗು ನೋಡಲು ಹೋಗಲಿಲ್ಲ, ನನ್ನ ಕೈಲಿ ಸ್ವೆಟರು ಕಳಿಸಿದಳು. ನಾನು ಆ ಸ್ವೆಟರನ್ನು ಎರಡು ಬಸ್ಸು ಬದಲಾಯಿಸಿ ಒಯ್ದು, ಅವಳ ಮನೆಯ ಮುಂದೆಯೇ ಹಾದು, ಅವನ ಮನೆಗೆ ಕೊಟ್ಟುಬಂದೆ.

ಕಾಲು ಮುರಿದಾಗ ನನಗೆ ಒಂದು ತರಹದ ಸಮಾಧಾನವೇ ಆಯಿತು, ಸುಳ್ಳೇಕೆ ಹೇಳಲಿ. ಇನ್ನು ಸ್ವಲ್ಪ ದಿನ ಯಾರ ಸ್ವೆಟರನ್ನೂ ಹೊರಬೇಕಾಗಿಲ್ಲ. ಇಬ್ಬರೂ ಭಾನುವಾರ ನೋಡಲು ಬರುತ್ತೇನೆ ಎಂದರು. ಹಿಂದಿನ ಶಾರದೆಯಾಗಿದ್ದರೆ ಒಬ್ಬರಿಗೆ ಶನಿವಾರ, ಇನ್ನೊಬ್ಬರಿಗೆ ಸೋಮವಾರ ಅನ್ನುತ್ತಿದ್ದೆ. ಈ ಸಲ ಅಷ್ಟು ಲೆಕ್ಕ ಹಾಕಲು ಕಸುವಿರಲಿಲ್ಲ. ಅವನೂ ಬರ್ತಾನೆ ಎಂದು ಅವಳಿಗೆ, ಅವಳೂ ಬರ್ತಾಳೆ ಎಂದು ಅವನಿಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ತಾನು ಬಾರದೆ ಇನ್ನೊಬ್ಬರು ಬಂದು ಒಳ್ಳೆಯವರಾಗಿಬಿಟ್ಟರೆ ಎಂದು ಇಬ್ಬರಿಗೂ ಅಳುಕು. ಇಬ್ಬರೂ ಬಂದರು.

ಅಕ್ಕ ಒಂದು ವಾರ ಇದ್ದು ನೋಡಿಕೊಳ್ಳುವ ತಯಾರಿಯಲ್ಲಿ ಸೀರೆಯ ಬ್ಯಾಗು ತಂದಿದ್ದಳು. ನಿಂಗಣ್ಣ ಬೈಕಿನ ಹಿಂದೆ ಎಳನೀರಿನ ಗೊನೆ ಕಟ್ಟಿಕೊಂಡು ಬಂದ. ಯಜಮಾನರು ಯಾರದೋ ಮೋಟಾರು ಸುಟ್ಟಿದೆಯೆಂದು ಶ್ರೀರಂಗಪಟ್ಟಣಕ್ಕೆ ಹೋದರು. ಮೋಟಾರು ಸುಟ್ಟಿರಲಿಲ್ಲ ಎಂದು ನನಗೆ ಈಗಲೂ ಅನುಮಾನವಿದೆ.

ಅಕ್ಕ ನೆಲದ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಿಂಗಣ್ಣ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಕ್ಯಾಲೆಂಡರನ್ನು ಮೊದಲ ಸಲ ನೋಡುವವನಂತೆ ನೋಡುತ್ತಿದ್ದ. ಇಬ್ಬರ ನಡುವೆ ನಾನು, ನನ್ನ ಬಿಳಿ ಕಾಲು. ಅಕ್ಕನ ಕಣ್ಣು ಟೈಲ್ಸಿನ ಮೇಲೆ ಓಡಾಡುತ್ತಿರುವುದನ್ನು ನಾನು ಗಮನಿಸಿದೆ. ಅವಳು ಎದ್ದು, ನನ್ನ ಮೇಜಿನಿಂದ ಸೀಮೆಸುಣ್ಣ ತೆಗೆದುಕೊಂಡು ಬಂದು, ನಾಲ್ಕು ಕಡೆ ಮತ್ತು ನಡುವಿಗೆ ಗುಣಿಸುವ ಗುರುತು ಎಳೆದಳು. ನಿಂಗಣ್ಣ ಅದನ್ನು ನೋಡಿದ. ಕುರ್ಚಿಯಿಂದ ಎದ್ದು, ಅವಳು ಬಿಡಿಸಿಟ್ಟ ಬೀಜದಲ್ಲಿ ದಪ್ಪನೆಯ ನಾಲ್ಕನ್ನು ಆರಿಸಿಕೊಂಡು, ಹೊರಗಿನ ಮೆಟ್ಟಿಲ ಕಲ್ಲಿಗೆ ಉಜ್ಜತೊಡಗಿದ. ಒಂದು ಮಗ್ಗುಲು ಬೆಳ್ಳಗಾಗುವವರೆಗೆ ಉಜ್ಜಿದರೆ ಹುಣಸೆಬೀಜವೇ ಕವಡೆ. ಆ ಕರಕರ ಸದ್ದಿನ ನಡುವೆ ಅಕ್ಕ ಒಡೆದ ಬಳೆಯೊಂದನ್ನು ಚೂರು ಮಾಡಿ ತನಗೆ ಕಾಯಿ ಮಾಡಿಕೊಂಡಳು.

ಮೂವರೇ ಇದ್ದುದರಿಂದ ರತ್ನನ ಮನೆ ಖಾಲಿ ಬಿಟ್ಟೆವು. ನಾನು ಮಂಚದಿಂದಲೇ ಕವಡೆ ಎಸೆಯುವುದು, ನನ್ನ ಕಾಯಿಯನ್ನು ಅಕ್ಕ ನಡೆಸುವುದು. ಒಳಮಾತು ನಡೆದ ಚಂದ ನೀವು ನೋಡಬೇಕಿತ್ತು.

"ಶಾರ್ದಿ, ಅವನಿಗೆ ಯೋಳು, ನನ್ನ ಒಂಟಿ ಕಾಯಿ ಮುಟ್ಟದಿದ್ರೆ ನಾನೂ ಅವನ ತಂಟೆಗೆ ಹೋಗಾಕಿಲ್ಲ ಅಂತ."

"ಆಗ್ಲಿ ಅಂತ ಯೋಳವ್ವ."

"ಕುರ್ಚೀಲಿ ಕೂತ ಮ್ಯಾಲೂ ಮಾತು ನಡೀಬೇಕು ಅಂತ ಯೋಳು."

"ನಡೀತದೆ ಅಂತ ಯೋಳು."

ಅಕ್ಕ ಕುರ್ಚಿ ಹತ್ತಿದಳು. ಹತ್ತಿದವಳೇ ನನ್ನ ಆಟ ತಡೆಹಿಡಿದಳು, ಮುಂದಿನ ಸುತ್ತಿಗೂ ತಡೆಹಿಡಿದಳು. ಮುರಿದ ಕಾಲಿಗಾದರೂ ಕರುಣೆ ಬೇಡವೆ? ಬೇಗ ಮುಗಿಯಲಿ ಎಂದು ನಾನು ಅವಿಶ್ವಾಸಕ್ಕೆ ಕೈ ಎತ್ತಿದೆ. ಎತ್ತಿದ ಮೇಲೆ ನಾನು ಎಂಥ ಕೆಲಸ ಮಾಡಿದೆನೆಂದು ಹೊಳೆಯಿತು. ಇನ್ನು ನಿಂಗಣ್ಣ ಎತ್ತಿದರೆ ಅವಳು ಇಳಿಯಬೇಕು.

ಅವನ ಕೈ ಮಂಡಿಯ ಮೇಲೆಯೇ ಇತ್ತು. ಅಕ್ಕ ಮೂರು ವರ್ಷಗಳ ನಂತರ ಮೊದಲ ಬಾರಿಗೆ ಅವನ ಕಡೆಗೇ ತಿರುಗಿ ಮಾತಾಡಿದಳು.

"ಎತ್ಲಾ. ಅಭ್ಯಾಸ ಅದೆಯಲ್ಲ ನಿಂಗೆ."

"ಆಟದಲ್ಲಿ ಅದ್ನ್ಯಾಕೆ ತತ್ತೀಯ?"

"ಆಟದಲ್ಲೇ ತತ್ತೀನಿ. ಚಿಕ್ಕಯ್ಯ ಏನಂದಿದ್ದ? ಒಳಮಾತು ಮುರೀಬೋದು, ಮುರಿಯೋ ಮುಂಚೆ ಮೋರೆ ನೋಡಿ ಯೋಳ್ಬೇಕು ಅಂದಿದ್ದ."

"ಅಂಗಂತ ಯಾವ ರೂಲೂ ಇರ್ನಿಲ್ಲ! ಅದು ನಿಮ್ಮನೇಲಿ ನೀನು ಮಾಡ್ಕಂಡಿರೋದು."

"ನಾನು ಮಾಡ್ಕಂಡೆನಾ? ಶಾರ್ದಿ, ನೀನೇ ಯೋಳು. ಇತ್ತೋ ಇಲ್ವೋ?"

"ಯೋಳವ್ವ, ಇರ್ನಿಲ್ಲ ಅಂತ ಯೋಳು."

ನಿಜ ಹೇಳುತ್ತೇನೆ, ನನಗೆ ನೆನಪಿರಲಿಲ್ಲ. ಜಗಲಿ ನೆನಪಿದೆ, ಇದ್ದಿಲು ನೆನಪಿದೆ, ಚಿಕ್ಕಯ್ಯನ ಬೀಡಿಯ ವಾಸನೆ ನೆನಪಿದೆ. ಆ ಮಾತು ಅವನು ಆಡಿದ್ದನೋ ಇಲ್ಲವೋ ದೇವರಾಣೆಗೂ ಗೊತ್ತಿಲ್ಲ. ಇತ್ತು ಅಂದರೆ ಒಬ್ಬರು ಎದ್ದುಹೋಗುತ್ತಾರೆ, ಇರಲಿಲ್ಲ ಅಂದರೆ ಇನ್ನೊಬ್ಬರು. ಅಷ್ಟು ವರ್ಷದ ದಣಿವೆಲ್ಲ ಒಟ್ಟಿಗೆ ಬಾಯಿಗೆ ಬಂತು.

"ನಂಗೊತ್ತಿಲ್ಲ! ನಂಗೆ ಸಾಕಾಗೋಗದೆ. ಈ ಕಾಲು ಬಸ್ಸಿಂದ ಬಿದ್ದು ಮುರೀಲಿಲ್ಲ, ನಿಮ್ಮಿಬ್ಬರ ಮಧ್ಯೆ ಓಡಾಡಿ ಓಡಾಡಿ ಮುರೀತು. ಏನಾರ ಮಾಡ್ಕಳಿ."

ಹೀಗೆ ಅಂದವರು ದಡದಡ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ನನಗೆ ಆ ಸೌಕರ್ಯವಿರಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಂಡೆ. ಅಲ್ಲಿಂದ ಮುಂದೆ ನಾನು ನಿದ್ದೆ ಮಾಡುತ್ತಿದ್ದೇನೆ ಎಂದು ನೀವೂ ತಿಳಿಯಬೇಕು.

ಬಹಳ ಹೊತ್ತು ಬರೀ ಫ್ಯಾನಿನ ಸದ್ದು.

"ನಿದ್ದೆ ಹತ್ತಿತೇನೋ ಇವ್ಳಿಗೆ" ಅಂದಳು ಅಕ್ಕ.

"ಹೂಂ ಕಣಕ್ಕ."

ಆಮೇಲೆ ಅಕ್ಕನ ದನಿ, ವಾಡೆಯ ಹಿಂದೆ ಆಡುತ್ತಿದ್ದಂಥ ಸಣ್ಣ ದನಿ. "ಅವತ್ತು ಬೆಳಿಗ್ಗೆ ನಮ್ಮನೇಲೇ ರೊಟ್ಟಿ ತಿಂದೆ ನೀನು. ಹುಚ್ಚೆಳ್ಳು ಚಟ್ನಿ ಇನ್ನೊಂಚೂರು ಆಕಕ್ಕ ಅಂತ ಆಕುಸ್ಕಂಡು ತಿಂದೆ. ಅಲ್ಲಿಂದೆದ್ದು ಸೀದಾ ಬಂದು ಕೈ ಎತ್ಬುಟ್ಟೆ. ಎತ್ತಿದ್ದಕ್ಕಲ್ಲ ಕಣ್ಲಾ ನಂಗೆ ಹೊಟ್ಟೆ ಉರಿದದ್ದು. ನಿಮ್ ಬೀದಿಯೋರು ನಿನ್ನ ಗೆಲ್ಸವ್ರೆ, ಅವರ ಮಾತು ನೀನು ಕೇಳ್ಬೇಕು. ಅಷ್ಟೂ ತಿಳಿಯಾಕಿಲ್ವಾ ನಂಗೆ? ರೊಟ್ಟಿ ತಿನ್ನುವಾಗ ಒಂದು ಮಾತು ಯೋಳ್ಬೋದಾಗಿತ್ತು."

"ಯೋಳಿದ್ರೆ ನೀನೇನಂತಿದ್ದೆ?"

"ಏನಂತಿದ್ದೆ? ಎತ್ಲಾ, ಪರವಾಗಿಲ್ಲ ಅಂತಿದ್ದೆ."

"ಅದ್ಕೇ ಯೋಳ್ನಿಲ್ಲ." ನಿಂಗಣ್ಣ ಕವಡೆಯನ್ನು ನೆಲಕ್ಕೆ ಉಜ್ಜುವ ಸದ್ದು ಕೇಳಿತು. "ನೀನು ಅಂಗಂದ್ಬುಟ್ಟಿದ್ರೆ ನನ್ ಕೈ ಮ್ಯಾಲಕ್ಕೆ ಏಳ್ತಿರ್ನಿಲ್ಲ ಕಣಕ್ಕ. ಬೀದಿಯೋರ್ಗೆ ನಾನು ಏನಂತ ಮೋರೆ ತೋರುಸ್ಲಿ?"

ಅಕ್ಕ ಮೂಗು ಸೀಟಿಕೊಂಡಳು. "ಸರಿ. ಈಗ ಎತ್ತು. ಮೋರೆ ನೋಡ್ಕಂಡು ಎತ್ತು" ಅಂದಳು.

ನಾನು ಕಣ್ಣನ್ನು ಚೂರೇ ಚೂರು ತೆರೆದೆ. ತಲೆಯೆಲ್ಲ ನೆರೆತ ನಿಂಗಣ್ಣ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅಕ್ಕನ ಮುಖವನ್ನೇ ನೋಡುತ್ತ, ತರಗತಿಯಲ್ಲಿ ಉತ್ತರ ಸರಿಯೋ ತಪ್ಪೋ ತಿಳಿಯದ ಹುಡುಗನ ಹಾಗೆ ಕೈಯನ್ನು ಮೆಲ್ಲಗೆ ಮೇಲೆತ್ತಿದ. ಅಕ್ಕ ಅವನನ್ನು ಸ್ವಲ್ಪ ಹೊತ್ತು ಹಾಗೇ ಕೂರಿಸಿದಳು. ಆಮೇಲೆ ನಡುಮನೆಯಿಂದ ತನ್ನ ಬಳೆಚೂರನ್ನು ತಾನೇ ಎತ್ತಿ ಆಚೆಗಿಟ್ಟಳು.

"ಇಳ್ದೆ ಬುಡು" ಅಂದಳು. "ಕೈ ಇಳ್ಸು, ನೋಯ್ತದೆ."

ಆಟ ಅಲ್ಲಿಗೆ ಮುಗಿಯಿತೆಂದುಕೊಂಡಿರಾ? ಇಲ್ಲ. ಊಟವಾಗುವಷ್ಟರಲ್ಲಿ ನಿಂಗಣ್ಣ ಕುರ್ಚಿ ಹತ್ತಿದ್ದ. ಅಕ್ಕ ಅವನ ಕಾಯಿ ಕಡಿದು, ಕಡಿಯುವ ಮುಂಚೆ ಮೋರೆ ನೋಡಿ ಹೇಳಿದ್ದೇನೆಂದು ವಾದಿಸುತ್ತಿದ್ದಳು. ನನ್ನ ಕಾಯಿ ಯಾವ ಮನೆಯಲ್ಲಿದೆ ಎಂದು ಇಬ್ಬರಿಗೂ ಜ್ಞಾನವಿರಲಿಲ್ಲ. ನಾನು ಎದ್ದಿದ್ದೇನೆ ಎಂಬುದೂ ಗೊತ್ತಿರಲಿಲ್ಲ. ಆ ರೂಲು ಇತ್ತೋ ಇಲ್ಲವೋ, ಅದನ್ನು ಮತ್ತೆ ಯಾರೂ ನನ್ನನ್ನು ಕೇಳಲಿಲ್ಲ.

ಬಿಸಿಲು ತಗ್ಗುವ ಹೊತ್ತಿಗೆ ನಿಂಗಣ್ಣ ಹೊರಟ. ಹಸು ಕರೆಯುವ ಹೊತ್ತಾಯಿತು ಎಂದ. ಬಾಗಿಲಲ್ಲಿ ನಿಂತು ಚಪ್ಪಲಿ ಹಾಕಿಕೊಳ್ಳುತ್ತ, ಯಾರಿಗೋ ಹೇಳುವವನಂತೆ, "ಮೊಮ್ಗ ನಡೀತಾವ್ನೆ ಈಗ. ಕೈ ಬುಟ್ಟೇ ನಡೀತಾವ್ನೆ" ಅಂದ.

ಅಕ್ಕ ಎರಡು ಸಲ ಸೆರಗು ಸರಿಮಾಡಿಕೊಂಡಳು. "ಶಾರ್ದಿ, ಒಂದ್ ಗಳಿಗೆ ನೋಡ್ಕಂಡು ನಾಳಿಕೆ ಬಂದ್ಬುಡ್ತೀನಿ ಕಣೆ" ಎಂದು ಅವನ ಬೈಕಿನ ಹಿಂದೆ ಹತ್ತಿ ಕೂತಳು. ಮೇಲುಕೋಟೆ ಕಡೆಯ ರಸ್ತೆ ಹಿಡಿಯಬೇಕೋ ಬೇಡವೋ ಎಂದು ಗೇಟಿನಲ್ಲೇ ಜಗಳ ಶುರುವಾಯಿತು. ಬೈಕು ತಿರುವು ದಾಟಿದ ಮೇಲೂ ಅಕ್ಕನ ಗಂಟಲು ಕೇಳುತ್ತಿತ್ತು. ಅವಳ ಸೀರೆ ಬ್ಯಾಗು ನನ್ನ ಮಂಚದ ಕಾಲಿನ ಹತ್ತಿರವೇ ಇತ್ತು. ನನ್ನ ನೀರಿನ ಚೊಂಬು ಮಾತ್ರ ಕೈಗೆ ಸಿಗದಷ್ಟು ದೂರದ ಮೇಜಿನ ಮೇಲಿತ್ತು.

ಯಜಮಾನರು ಸಂಜೆ ಬಂದು, ಒಳಗೆಲ್ಲ ಇಣುಕಿ ನೋಡಿ, "ನಿಮ್ಮಕ್ಕ ಎಲ್ಲಿ? ನೋಡಿಕೊಳ್ಳೋಕೆ ಬಂದವರು?" ಎಂದರು.

"ಹೋದರು. ಮೊದಲು ನೀರು ಕೊಡಿ" ಎಂದೆ.

ತಲುಪಿದರೋ ಇಲ್ಲವೋ ಕೇಳೋಣವೆಂದು ಅಕ್ಕನಿಗೆ ಫೋನು ಹಚ್ಚಿದೆ. ಬಿಜಿ. ನಿಂಗಣ್ಣನಿಗೆ ಹಚ್ಚಿದೆ. ಅದೂ ಬಿಜಿ. ಅನ್ನಕ್ಕಿಟ್ಟು ಬಂದ ಯಜಮಾನರು ಇನ್ನೊಂದು ಸಲ ಹಚ್ಚಿ ನೋಡು ಅಂದರು, ಹಚ್ಚಿದೆ. ಎರಡೂ ಬಿಜಿ. ಇಡೀ ದಿನ ಜೊತೆಗಿದ್ದು, ಒಂದೇ ಬೈಕಿನಲ್ಲಿ ಹೋಗಿ, ತಂತಮ್ಮ ಮನೆ ಸೇರಿದ ಮೇಲೆ ಅದೇನು ಮಾತು ಉಳಿದಿತ್ತೋ. ನನ್ನ ಬಗ್ಗೆ ಅಂತೂ ಇರಲಾರದು. ಫೋನನ್ನು ದಿಂಬಿನ ಪಕ್ಕ ಮಗುಚಿಟ್ಟೆ. ಮೈಯೆಲ್ಲ ನೋಯುತ್ತಿತ್ತು, ಕಾಲೊಂದೇ ಅಲ್ಲ. "ಊಟಕ್ಕೆ ಎಬ್ಬಿಸಿ" ಎಂದು ಹೇಳಿ, ಈ ಸಲ ನಿಜವಾಗಿಯೂ ಗೋಡೆಯ ಕಡೆ ತಿರುಗಿ ಮಲಗಿದೆ.